ಕೇಸ್ ಶೀಟಿನಲ್ಲಿ ಒಂದು ಸಾಲು, ಕೈಗೆ ಬಂದದ್ದು ತಿರಸ್ಕಾರದ ಪತ್ರ

ಓದುಗರ ಪ್ರಶ್ನೆ:

ನಾವು ತಿಪಟೂರಿನವರು. ನಮ್ಮ ಯಜಮಾನರಿಗೆ 51 ವರ್ಷ, ಕೊಬ್ಬರಿ ವ್ಯಾಪಾರ. 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾ ಭಯದ ದಿನಗಳಲ್ಲಿ, ವಿಮಾ ಏಜೆಂಟರಾದ ದೂರದ ಸಂಬಂಧಿಯೊಬ್ಬರ ಮೂಲಕ ಮನೆಯ ನಾಲ್ವರಿಗೂ ಸೇರಿ 10 ಲಕ್ಷದ ಆರೋಗ್ಯ ವಿಮೆ ಮಾಡಿಸಿದೆವು. ಫಾರಂ ತುಂಬಿದವರು ಅವರೇ, ತಮ್ಮ ಮೊಬೈಲ್‌ನಲ್ಲಿ, ಇಂಗ್ಲಿಷಿನಲ್ಲಿ. ‘ಹೋದ ವರ್ಷ ಬಿಪಿ ಜಾಸ್ತಿ ಇದೆ ಎಂದು ಡಾಕ್ಟರು ಮೂರು ತಿಂಗಳು ಮಾತ್ರೆ ಕೊಟ್ಟಿದ್ದರು’ ಎಂದು ನಾನೇ ಹೇಳಿದೆ. ‘ಅದೆಲ್ಲ ಬರೆದರೆ ಪಾಲಿಸಿ ಸಿಗುವುದಿಲ್ಲ ಅಕ್ಕ, ಈಗ ಮಾತ್ರೆ ತೆಗೆದುಕೊಳ್ಳುತ್ತಿಲ್ಲವಲ್ಲ’ ಎಂದರು. ಆಮೇಲೆ ಕಂಪನಿಯಿಂದ ಯಾರೋ ಹಿಂದಿಯಲ್ಲಿ ಫೋನ್ ಮಾಡಿದರು. ಇವರು ತಮಗೆ ಬರುವ ಮಂಡಿ ಹಿಂದಿಯಲ್ಲಿ ಏನೋ ಉತ್ತರಿಸಿದರು. ರಕ್ತ ಪರೀಕ್ಷೆ, ಇಸಿಜಿ ಯಾವುದೂ ಇರಲಿಲ್ಲ. 2022ರಲ್ಲಿ ಮತ್ತೆ ಬಿಪಿ ಕಾಣಿಸಿ ಮಾತ್ರೆ ಶುರುವಾಯಿತು.

2024ರ ನವೆಂಬರ್‌ನಲ್ಲಿ ರಾತ್ರಿ ಎದೆನೋವು ಬಂದು ಬೆಂಗಳೂರಿಗೆ ಕರೆದೊಯ್ದೆವು. ಎರಡು ಸ್ಟೆಂಟ್ ಹಾಕಿದರು. ಬಿಲ್ಲು 4,85,000 ರೂಪಾಯಿ. ಕ್ಯಾಶ್‌ಲೆಸ್ ಒಪ್ಪಲಿಲ್ಲ, ನನ್ನ ಒಡವೆ ಅಡವಿಟ್ಟು ಕಟ್ಟಿದೆವು. 2025ರ ಜನವರಿಯಲ್ಲಿ ಪತ್ರ ಬಂತು: ಆರೇಳು ವರ್ಷಗಳ ಬಿಪಿಯನ್ನು ಮುಚ್ಚಿಟ್ಟಿದ್ದೀರಿ, ಆದ್ದರಿಂದ ಕ್ಲೇಮ್ ತಿರಸ್ಕೃತ, ಪಾಲಿಸಿ ರದ್ದು, ಕಟ್ಟಿದ ಪ್ರೀಮಿಯಂ ಮುಟ್ಟುಗೋಲು. ಆಸ್ಪತ್ರೆಯಲ್ಲಿ ‘ಆರೇಳು ವರ್ಷದಿಂದ ಬಿಪಿ’ ಎಂದು ಗಾಬರಿಯಲ್ಲಿ ಹೇಳಿದವನು ನನ್ನ ಮೈದುನ. ಈಗ ಏಜೆಂಟರು, ‘ಮಾತಾಡಿ ಎರಡು ಲಕ್ಷ ಕೊಡಿಸುತ್ತೇನೆ, ಒಂದು ಕಾಗದಕ್ಕೆ ಸಹಿ ಹಾಕಿ’ ಎನ್ನುತ್ತಿದ್ದಾರೆ. ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ ಎಂದು ಇಲ್ಲಿಯವರೊಬ್ಬರು ಹೇಳುತ್ತಾರೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ, ‘ಇದು ಬ್ಯಾಡ್ ಫೇಯ್ತ್, ಕೇಸ್ ಹಾಕಿದರೆ ಕೋಟಿಗಟ್ಟಲೆ ಪರಿಹಾರ’ ಎನ್ನುತ್ತಾನೆ. ನಾವು ಯಾರ ಮಾತು ಕೇಳಬೇಕು?

ಉತ್ತರ:

ಮೂವರ ಮಾತಿನಲ್ಲೂ ಒಂದಷ್ಟು ನಿಜವಿದೆ. ಹಾಗೆಯೇ ನಂಬಿ ನಡೆದರೆ ಮೂರೂ ನಿಮ್ಮನ್ನು ದಾರಿ ತಪ್ಪಿಸುತ್ತವೆ. ವಕೀಲಿ ವೃತ್ತಿಗೆ ಬರುವ ಮೊದಲು ನಾನು ಒಂಬತ್ತು ವರ್ಷ ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನು. ನಿಮಗೆ ಬಂದಂಥ ಪತ್ರಗಳನ್ನು ಬರೆದ ಕೈ ಇದು. ಆದ್ದರಿಂದ ಮೊದಲು ಆ ಪತ್ರ ಹೇಗೆ ಹುಟ್ಟುತ್ತದೆ ಎಂದು ಹೇಳುತ್ತೇನೆ.

ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಎಂದರೆ ದೊಡ್ಡ ಮೊತ್ತ. ಅಂಥ ಕ್ಲೇಮ್ ಬಂದ ಕೂಡಲೇ ಕಡತ ತನಿಖೆಗೆ ಹೋಗುತ್ತದೆ. ಕಂಪನಿ ನೇಮಿಸಿದ ತನಿಖೆಗಾರ ಆಸ್ಪತ್ರೆಯ ದಾಖಲೆ ಕೊಠಡಿಗೆ ಹೋಗಿ ಕೇಸ್ ಶೀಟನ್ನು ಪೂರ್ತಿ ನಕಲು ಮಾಡಿಸಿಕೊಂಡು ಬರುತ್ತಾನೆ. ಅವನ ಕಣ್ಣು ಮೊದಲು ಹೋಗುವುದು ದಾಖಲಾತಿಯ ಪುಟಕ್ಕೆ. ‘ಕೆ/ಸಿ/ಓ ಎಚ್‌ಟಿಎನ್, 6–7 ವರ್ಷ’ ಎಂಬ ಒಂದು ಗೀಚು. ಅಂದರೆ, ‘ಅಧಿಕ ರಕ್ತದೊತ್ತಡ ಇರುವುದು ಗೊತ್ತಿರುವ ರೋಗಿ’. ರಾತ್ರಿ ಎರಡು ಗಂಟೆಗೆ, ಸ್ಟ್ರೆಚರ್ ಪಕ್ಕದಲ್ಲಿ, ನಿದ್ದೆಗಣ್ಣಿನ ಕಿರಿಯ ವೈದ್ಯರು, ಎದುರಿಗೆ ಸಿಕ್ಕ ನೆಂಟರನ್ನು ಕೇಳಿ ಬರೆದುಕೊಂಡ ಸಾಲು ಅದು. ಹೇಳಿದವರು ಯಾರು ಎಂದು ಬಹಳ ಸಲ ಅಲ್ಲಿ ಬರೆದೇ ಇರುವುದಿಲ್ಲ. ಚಿಕಿತ್ಸೆಯ ಮಟ್ಟಿಗೆ ಆರು ವರ್ಷವೋ ಎರಡು ವರ್ಷವೋ ಎಂಬುದು ಆ ಗಳಿಗೆಯಲ್ಲಿ ದೊಡ್ಡ ವಿಷಯವಲ್ಲ, ವೈದ್ಯರು ಅದನ್ನು ಕೆದಕುವುದೂ ಇಲ್ಲ. ಅದೇ ಸಾಲು ಮೂರು ದಿನಗಳ ನಂತರ ಡಿಸ್ಚಾರ್ಜ್ ಸಮ್ಮರಿಗೆ ನಕಲಾಗುತ್ತದೆ. ತಿಂಗಳು ಕಳೆಯುವುದರೊಳಗೆ ಕಂಪನಿಯ ಪತ್ರದಲ್ಲಿ ‘ನಿಮ್ಮ ವೈದ್ಯಕೀಯ ದಾಖಲೆಗಳಿಂದ ಸಾಬೀತಾದಂತೆ’ ಎಂಬ ಗಂಭೀರ ವೇಷ ತೊಡುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿ ಮುಗಿದಿಲ್ಲ’ ಎಂದು ಕಂಪನಿ ನಿಮಗೆ ಬರೆದಿಲ್ಲ. ಬರೆಯುವಂತೆಯೂ ಇರಲಿಲ್ಲ. ನೀವು ಪಾಲಿಸಿ ಮಾಡಿಸಿದಾಗ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಕಾಯುವ ಅವಧಿ ನಾಲ್ಕು ವರ್ಷ. 2024ರ ನಿಯಮಗಳು ಅದನ್ನು ಮೂರಕ್ಕೆ ಇಳಿಸಿದವು. ನಿಮ್ಮ ಪಾಲಿಸಿಗೆ ನಾಲ್ಕು ವರ್ಷ ಎರಡು ತಿಂಗಳಾಗಿತ್ತು. ಫಾರಂನಲ್ಲಿ ‘ಬಿಪಿ ಇದೆ’ ಎಂದು ಬರೆದಿದ್ದರೂ ಇಷ್ಟು ಹೊತ್ತಿಗೆ ಆ ಕಾಯಿಲೆಗೂ ರಕ್ಷಣೆ ಸಿಗಬೇಕಾಗಿತ್ತು. ಆ ಬಾಗಿಲು ಮುಚ್ಚಿದ್ದರಿಂದ ಕಂಪನಿ ಪಕ್ಕದ ಬಾಗಿಲಿಗೆ ಹೋಗಿದೆ: ‘ಕಾಯಿಲೆ ಇದ್ದದ್ದು ತಪ್ಪಲ್ಲ, ಹೇಳದೆ ಇದ್ದದ್ದು ತಪ್ಪು.’ ಕ್ಲೇಮ್ ವಿಭಾಗದಲ್ಲಿ ಇದು ದಿನಬೆಳಗಾದರೆ ನಡೆಯುವ ವ್ಯವಹಾರ. ಕಾನೂನಿನಲ್ಲಿ ಈ ವಾದಕ್ಕೆ ನೆಲೆಯಿಲ್ಲವೆಂದಲ್ಲ. ವಿಮೆ ಎಂಬುದು ಪರಮ ವಿಶ್ವಾಸದ ಒಪ್ಪಂದ. ಅಪಾಯದ ಅಳತೆಗೆ ಬೇಕಾದ ಸಂಗತಿಗಳನ್ನು ಕೊಳ್ಳುವವನು ಮುಚ್ಚಿಡಬಾರದು. ಆದರೆ ಮುಚ್ಚಿಟ್ಟದ್ದು ನಿಜವೇ ಎಂದು ತೋರಿಸುವ ಹೊಣೆ ಯಾರದು? ನಿಮ್ಮ ಇಡೀ ವ್ಯಾಜ್ಯ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಅಲ್ಲಿಗೆ ಹೋಗುವ ಮೊದಲು ಊರಿನವರ ‘ಮೂರು ವರ್ಷ’ದ ಮಾತನ್ನು ಮುಗಿಸುತ್ತೇನೆ. ಅವರು ಹೇಳುತ್ತಿರುವುದು 1938ರ ವಿಮಾ ಕಾಯ್ದೆಯ 45ನೇ ಕಲಮಿನ ವಿಷಯ. 2015ರ ತಿದ್ದುಪಡಿಯ ನಂತರ ಮೂರು ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎಂದು ಅದು ಹೇಳುತ್ತದೆ. ಆದರೆ ಅದು ಜೀವ ವಿಮೆಗೆ ಮಾತ್ರ. ಆರೋಗ್ಯ ವಿಮೆಗೆ ಅದರಂತೆಯೇ ಇರುವ ನಿಯಮಕ್ಕೆ ‘ಮೊರಟೋರಿಯಂ’ ಎನ್ನುತ್ತಾರೆ. ಮೊದಲು ಎಂಟು ವರ್ಷವಿತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು 60 ತಿಂಗಳಿಗೆ ಇಳಿಸಿತು. ಎಡೆಬಿಡದೆ 60 ತಿಂಗಳು ಪಾಲಿಸಿ ನಡೆದಿದ್ದರೆ, ಆಮೇಲೆ ವಂಚನೆ ಸಾಬೀತಾದ ಹೊರತು ‘ಹೇಳಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ನಿಮ್ಮದು 50 ತಿಂಗಳು. ಹತ್ತು ತಿಂಗಳು ಸಾಲದು. ಇದನ್ನು ಓದಿ ನಿಮಗೆ ಹೊಟ್ಟೆ ಉರಿಯಬಹುದು, ಆದರೆ ಆ ವಾದವನ್ನು ಮುಂದಿಟ್ಟುಕೊಂಡು ಹೋಗಬೇಡಿ. ಎದುರಿನ ವಕೀಲರು ಮೊದಲ ದಿನವೇ ಅದನ್ನು ಎತ್ತಿ ಪಕ್ಕಕ್ಕಿಡುತ್ತಾರೆ, ನಿಮ್ಮ ಉಳಿದ ಗಟ್ಟಿ ಮಾತುಗಳ ತೂಕವೂ ಅದರ ಜೊತೆಗೆ ಇಳಿಯುತ್ತದೆ.

ಅಕ್ಕನ ಮಗ ಹೇಳಿದ್ದು ಅವನಿರುವ ದೇಶದ ಮಟ್ಟಿಗೆ ಸರಿ. ಅಲ್ಲಿಯ ಹಲವು ರಾಜ್ಯಗಳಲ್ಲಿ, ಕಂಪನಿ ಸಕಾರಣವಿಲ್ಲದೆ ಕ್ಲೇಮ್ ತಡೆಹಿಡಿದರೆ ಒಪ್ಪಂದದ ಹಣದ ಜೊತೆಗೆ ‘ಬ್ಯಾಡ್ ಫೇಯ್ತ್’ ಎಂಬ ಬೇರೆಯದೇ ದಾವೆ ಹೂಡಬಹುದು. ಬೆಂಕಿಗೆ ರೆಸ್ಟೋರೆಂಟ್ ಕಳೆದುಕೊಂಡ ಮಾಲೀಕನೊಬ್ಬನ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1973ರಲ್ಲಿ ಈ ದಾರಿಯನ್ನು ಗಟ್ಟಿ ಮಾಡಿತು. ಜ್ಯೂರಿಗಳು ಹಾಕುವ ದಂಡಸ್ವರೂಪದ ಪರಿಹಾರ ತಲೆ ತಿರುಗಿಸುವಷ್ಟಿರುತ್ತದೆ. ಆದರೆ ಅಲ್ಲಿಯೂ ಕೋಟಿಗಳು ಮನೆಗೆ ಬಂದು ಬೀಳುವುದಿಲ್ಲ. ಯೂಟಾ ರಾಜ್ಯದ ಒಂದು ಪ್ರಕರಣದಲ್ಲಿ ಸ್ಟೇಟ್ ಫಾರ್ಮ್ ಕಂಪನಿಯ ಮೇಲೆ 14.5 ಕೋಟಿ ಡಾಲರ್ ದಂಡ ಬಿದ್ದಿತ್ತು. ನಿಜವಾದ ನಷ್ಟದ ಪರಿಹಾರ 10 ಲಕ್ಷ ಡಾಲರ್ ಮಾತ್ರ. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ಅತಿಯಾಯಿತು ಎಂದು ಹಿಂದಕ್ಕೆ ಕಳಿಸಿತು. ಕೊನೆಗೆ ಉಳಿದದ್ದು ಸುಮಾರು 90 ಲಕ್ಷ ಡಾಲರ್.

ನಮ್ಮಲ್ಲಿ ಅಂಥ ಪ್ರತ್ಯೇಕ ದಾವೆ ಬೆಳೆದಿಲ್ಲ. ಇಲ್ಲಿ ಅದೇ ನೋವಿಗೆ ಇರುವ ಹೆಸರು ‘ಸೇವಾ ನ್ಯೂನತೆ’, ‘ಅನುಚಿತ ವ್ಯಾಪಾರ ಪದ್ಧತಿ’. ದಂಡಸ್ವರೂಪದ ಪರಿಹಾರ ಕೊಡಿಸುವ ಅಧಿಕಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮು ಗ್ರಾಹಕರ ಆಯೋಗಕ್ಕೆ ಕೊಟ್ಟಿದೆ. ಆದರೆ ನಾನು ನಡೆಸಿದ ಪ್ರಕರಣಗಳಲ್ಲಿ ಗೆದ್ದವರಿಗೆ ಸಿಕ್ಕದ್ದು ಕ್ಲೇಮ್ ಮೊತ್ತ, ಅದರ ಮೇಲೆ ಶೇಕಡಾ ಆರರಿಂದ ಒಂಬತ್ತರ ಬಡ್ಡಿ, ಮಾನಸಿಕ ಯಾತನೆಗೆ ಕೆಲವು ಹತ್ತು ಸಾವಿರಗಳು, ಖರ್ಚಿಗೆ ಐದೋ ಹತ್ತೋ ಸಾವಿರ. ಅಂದರೆ ಕಂಪನಿ ಕಳೆದುಕೊಳ್ಳುವುದು ಮೊದಲೇ ಕೊಡಬೇಕಾಗಿದ್ದ ಹಣ ಮತ್ತು ಚಿಲ್ಲರೆ ಬಡ್ಡಿ. ಹತ್ತು ಜನರಿಗೆ ಇಲ್ಲವೆಂದರೆ ಎಂಟು ಜನ ಸುಮ್ಮನಾಗುತ್ತಾರೆ ಎಂಬ ಲೆಕ್ಕವನ್ನು ಯಾರೂ ಕಾಗದದ ಮೇಲೆ ಬರೆದು ನನಗೆ ಕೊಟ್ಟಿರಲಿಲ್ಲ. ಆದರೂ ಆ ಕಚೇರಿಯಲ್ಲಿ ಅದು ನಮಗೆಲ್ಲ ಗೊತ್ತಿತ್ತು. ಅಕ್ಕನ ಮಗನ ಸಿಟ್ಟು ನ್ಯಾಯವಾದದ್ದೇ, ಲೆಕ್ಕ ಮಾತ್ರ ಇಲ್ಲಿಗೆ ಹೊಂದುವುದಿಲ್ಲ.

ಈಗ ಮುಖ್ಯ ವಿಷಯ. 2024ರ ಏಪ್ರಿಲ್ 10ರಂದು, ಫ್ಯೂಚರ್ ಜನರಾಲಿ ಜೀವ ವಿಮಾ ಕಂಪನಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು ಇದು: ವಿಷಯ ಮುಚ್ಚಿಟ್ಟರು ಎಂದು ಹೇಳುವ ಕಂಪನಿಯೇ ಅದನ್ನು ಸಾಕ್ಷ್ಯದಿಂದ ರುಜುವಾತು ಮಾಡಬೇಕು. ಅಲ್ಲಿ ‘ಈ ವ್ಯಕ್ತಿ ತನ್ನ ಬೇರೆ ಪಾಲಿಸಿಗಳನ್ನು ಹೇಳಿರಲಿಲ್ಲ’ ಎಂಬುದಕ್ಕೆ ಕಂಪನಿ ಕೊಟ್ಟದ್ದು ಅಫಿಡವಿಟ್‌ನಲ್ಲಿ ಹಾಕಿದ ಒಂದು ಪಟ್ಟಿ ಮಾತ್ರ. ಸಾಲದು ಎಂದಿತು ನ್ಯಾಯಾಲಯ. ಆ ತೀರ್ಪಿನ ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಅವರೇ ಇದ್ದ ಪೀಠ 2021ರ ಡಿಸೆಂಬರ್ 6ರಂದು ಯುನೈಟೆಡ್ ಇಂಡಿಯಾ ಕಂಪನಿಯ ವಿರುದ್ಧ ಕೊಟ್ಟ ತೀರ್ಪು ನಿಮಗೆ ಇನ್ನೂ ಹತ್ತಿರದ್ದು. ಸಕ್ಕರೆ ಕಾಯಿಲೆ ಇದೆ ಎಂದು ಹೇಳಿಯೇ ವಿದೇಶ ಪ್ರವಾಸದ ವಿಮೆ ಮಾಡಿಸಿದ್ದ ವ್ಯಕ್ತಿಗೆ ಅಮೆರಿಕದಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ‘ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಹೇಳಲಿಲ್ಲ’ ಎಂದು ಕಂಪನಿ ಕೈ ಎತ್ತಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೇಳಬೇಕಾದ್ದನ್ನು ಕೇಳಿ, ತನ್ನ ಅಪಾಯವನ್ನು ತಾನು ಅಳೆದು ಪಾಲಿಸಿ ಕೊಟ್ಟ ಮೇಲೆ ಆ ಸ್ಥಿತಿಯನ್ನೇ ನೆಪ ಮಾಡಿ ನಿರಾಕರಿಸುವಂತಿಲ್ಲ ಎಂದಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. ಕಂಪನಿಯ ವಕೀಲರ ಚೀಲದಲ್ಲೂ ತೀರ್ಪುಗಳಿವೆ. 2009ರಲ್ಲಿ ಸುಪ್ರೀಂ ಕೋರ್ಟ್, ಬಹುಕಾಲದ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆಯನ್ನು ಹೇಳದೆ ಮೆಡಿಕ್ಲೇಮ್ ಮಾಡಿಸಿದವರ ಪ್ರಕರಣದಲ್ಲಿ ಕಂಪನಿಯ ಪರ ನಿಂತಿತು. ವಿವೇಕಿಯಾದ ವಿಮಾ ಕಂಪನಿಯ ನಿರ್ಧಾರದ ಮೇಲೆ ಪ್ರಭಾವ ಬೀರುವಂಥ ಯಾವ ಸಂಗತಿಯೂ ಮುಖ್ಯ ಸಂಗತಿಯೇ ಎಂದಿತು. 2015ರ ಇನ್ನೊಂದು ತೀರ್ಪನ್ನು ಗ್ರಾಹಕರ ಪರ ಎಲ್ಲರೂ ಎತ್ತಿ ಹಿಡಿಯುತ್ತಾರೆ: ಬೆನ್ನುಮೂಳೆಯ ತೊಂದರೆ ಹೇಳಿರಲಿಲ್ಲ, ಸಾವು ಬಂದದ್ದು ಹೃದಯಾಘಾತದಿಂದ, ಎರಡಕ್ಕೂ ಸಂಬಂಧವಿಲ್ಲ, ಆದ್ದರಿಂದ ಹಣ ಕೊಡಿ ಎಂದ ತೀರ್ಪು. ನಿಮಗೆ ಅದರಿಂದ ಹೆಚ್ಚು ಸಹಾಯವಾಗದು. ರಕ್ತದೊತ್ತಡಕ್ಕೂ ಹೃದಯಕ್ಕೂ ಸಂಬಂಧವಿಲ್ಲ ಎಂದು ಯಾವ ವೈದ್ಯರೂ ಬರೆದು ಕೊಡುವುದಿಲ್ಲ.

ಏಜೆಂಟರ ವಿಷಯ ಇನ್ನೂ ತೊಡಕಿನದು. ‘ನಾವು ಹೇಳಿದ್ದೆವು, ಅವರೇ ಬರೆಯಲಿಲ್ಲ’ ಎಂಬುದು ನಿಮ್ಮ ಮನಸ್ಸಿಗೆ ಅತಿ ದೊಡ್ಡ ಸಮಾಧಾನ. ಕಾನೂನಿನ ಕಣ್ಣಿಗೆ ಹಾಗಲ್ಲ. ಫಾರಂ ತುಂಬುವಾಗ ಏಜೆಂಟ್ ಕಂಪನಿಯ ಪರವಾಗಿ ಅಲ್ಲ, ಅರ್ಜಿದಾರನ ಪರವಾಗಿ ಕೆಲಸ ಮಾಡುತ್ತಿರುತ್ತಾನೆ, ಓದದೆ ಸಹಿ ಹಾಕಿದೆ ಎಂದು ಆಮೇಲೆ ಹೇಳಿ ಸಾಮಾನ್ಯವಾಗಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ಐವತ್ತರ ದಶಕದಲ್ಲೇ ನಮ್ಮ ಮೈಸೂರು ಹೈಕೋರ್ಟ್ ಹೇಳಿತ್ತು. ಆ ಹಳೆಯ ಮಾತನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರಿಲಯನ್ಸ್ ಜೀವ ವಿಮಾ ಕಂಪನಿಯ ಪ್ರಕರಣದಲ್ಲಿ ಮತ್ತೆ ಎತ್ತಿ ಆಡಿತು. ಜೊತೆಗೆ ಒಂದು ಕೊಕ್ಕೆಯೂ ಇದೆ. ‘ಬಿಪಿ ಇದೆ ಎಂದು ಏಜೆಂಟರಿಗೆ ಹೇಳಿದ್ದೆವು’ ಎಂದು ನೀವು ದೂರಿನಲ್ಲಿ ಬರೆದ ಕ್ಷಣ, ಪಾಲಿಸಿಗೆ ಮೊದಲೇ ಬಿಪಿ ಇತ್ತೆಂದು ನೀವೇ ಒಪ್ಪಿಕೊಂಡಂತೆ. ಕಂಪನಿ ಕಷ್ಟಪಟ್ಟು ಸಾಬೀತು ಮಾಡಬೇಕಾಗಿದ್ದನ್ನು ನೀವು ತಟ್ಟೆಯಲ್ಲಿಟ್ಟು ಕೊಟ್ಟಂತೆ.

ಹಾಗೆಂದು ಸುಳ್ಳು ಹೇಳಿ ಎನ್ನುತ್ತಿಲ್ಲ. ಪ್ರಮಾಣಪತ್ರದ ಮೇಲೆ ಸುಳ್ಳು ಬರೆಸುವ ವಕೀಲರನ್ನು ಕಂಡರೆ ಎದ್ದು ಬನ್ನಿ. ನಡೆದದ್ದನ್ನು ನಡೆದಷ್ಟೇ, ನಡೆದ ಅಳತೆಯಲ್ಲೇ ಹೇಳಿ. ನಿಮ್ಮ ಪತ್ರದಲ್ಲಿರುವ ಸತ್ಯ ‘ಆರೇಳು ವರ್ಷದ ಬಿಪಿ’ ಅಲ್ಲ. 2019ರಲ್ಲಿ ಒಮ್ಮೆ ಹೆಚ್ಚು ಕಂಡಿತು, ಮೂರು ತಿಂಗಳು ಮಾತ್ರೆ ಕೊಟ್ಟರು, ನಿಂತಿತು. 2022ರಲ್ಲಿ ಮತ್ತೆ ಶುರುವಾಯಿತು. ಪಾಲಿಸಿ ಮಾಡಿಸುವ ದಿನ ಚಿಕಿತ್ಸೆ ಇರಲಿಲ್ಲ. ಫಾರಂನಲ್ಲಿ ಕೇಳಿದ ಪ್ರಶ್ನೆ ‘ಈಗ ಯಾವುದಾದರೂ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದೀರಾ’ ಎಂದಿದ್ದರೆ ‘ಇಲ್ಲ’ ಎಂಬುದು ಸತ್ಯವಾದ ಉತ್ತರ. ‘ಎಂದಾದರೂ ರಕ್ತದೊತ್ತಡ ಇತ್ತೇ, ಚಿಕಿತ್ಸೆ ಪಡೆದಿದ್ದೀರಾ’ ಎಂದಿದ್ದರೆ ನೀವು ಇಕ್ಕಟ್ಟಿನಲ್ಲಿದ್ದೀರಿ. ಆದ್ದರಿಂದ ನಿಮಗೆ ಮೊಟ್ಟಮೊದಲು ಬೇಕಾದದ್ದು ಆ ಫಾರಂನ, ಅಂದರೆ ಪ್ರಸ್ತಾವನೆ ಪತ್ರದ, ನಕಲು. ನನ್ನ ಬಳಿ ಬರುವವರಲ್ಲಿ ಮುಕ್ಕಾಲು ಮಂದಿ ಅದನ್ನು ನೋಡಿಯೇ ಇರುವುದಿಲ್ಲ. ಪಾಲಿಸಿ ಕಡತದ ಕೊನೆಯ ಪುಟಗಳಲ್ಲಿ ಅದು ಸೇರಿಕೊಂಡಿರಬಹುದು, ಇಲ್ಲವಾದರೆ ಕಂಪನಿಗೆ ಬರೆದು ಕೇಳಿ. ಬೇರೊಬ್ಬರು ಫಾರಂ ತುಂಬಿದ್ದರೆ, ಒಳಗಿರುವುದನ್ನೆಲ್ಲ ಅರ್ಜಿದಾರರಿಗೆ ವಿವರಿಸಲಾಗಿದೆ, ಅವರಿಗೆ ಅರ್ಥವಾಗಿದೆ ಎಂಬ ದೃಢೀಕರಣ ಅದರ ಕೊನೆಯಲ್ಲಿ ಇರಬೇಕೆಂಬ ನಿಯಮವಿದೆ. ಅದು ಇದೆಯೇ, ಕೊಟ್ಟವರು ಯಾರು ಎಂದು ನೋಡಿ. ಮೈಸೂರು ಹೈಕೋರ್ಟಿನ ಮಾತಿಗೆ ಎದುರಾಗಿ ನಿಮ್ಮ ಕೈಯಲ್ಲಿರುವ ಅಸ್ತ್ರ ಅದೊಂದೇ.

ಹಿಂದಿ ಫೋನ್ ಕರೆಯ ಧ್ವನಿಮುದ್ರಿಕೆಯನ್ನೂ ಕೇಳಿ. ಇದು ಎರಡು ಅಲಗಿನ ಕತ್ತಿ. ಯಜಮಾನರು ಪ್ರಶ್ನೆ ಮುಗಿಯುವ ಮೊದಲೇ ‘ಹಾಂ ಜಿ, ನಹೀ ಜಿ’ ಎನ್ನುತ್ತಾ ಹೋಗಿದ್ದರೆ ನಿಮಗೆ ಒಳ್ಳೆಯದು. ‘ಬಿಪಿ ಹೈ ಕ್ಯಾ’ ಎಂದು ಬಿಡಿಸಿ ಕೇಳಿ, ಅವರು ‘ನಹೀ’ ಎಂದಿದ್ದರೆ ಕೆಟ್ಟದ್ದು. ಹೇಗೂ ಕಂಪನಿ ಅದನ್ನು ಮುಂದೆ ತರುತ್ತದೆ. ಮೊದಲೇ ಕೇಳಿಕೊಂಡರೆ ಮೈಮರೆತು ಸಿಕ್ಕಿಬೀಳುವುದು ತಪ್ಪುತ್ತದೆ.

ಮುಂದೆ ಆಸ್ಪತ್ರೆ. ಡಿಸ್ಚಾರ್ಜ್ ಸಮ್ಮರಿ ಸಾಲದು, ಒಳರೋಗಿ ಕೇಸ್ ಶೀಟಿನ ಪೂರ್ತಿ ನಕಲು ಬೇಕು ಎಂದು ಲಿಖಿತವಾಗಿ ಕೇಳಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮದಂತೆ 72 ಗಂಟೆಗಳೊಳಗೆ ಕೊಡಬೇಕು. ‘6–7 ವರ್ಷ’ ಎಂಬುದು ಎಷ್ಟು ಕಡೆ ಇದೆ, ಎಲ್ಲ ಕಡೆ ಒಂದೇ ಥರ ಇದೆಯೇ ಎಂದು ನೋಡಿ. ಒಮ್ಮೆ ನನ್ನ ಕಕ್ಷಿದಾರರೊಬ್ಬರ ಕೇಸ್ ಶೀಟಿನಲ್ಲಿ ತುರ್ತು ಚಿಕಿತ್ಸೆಯ ಪುಟದಲ್ಲಿ ಹತ್ತು ವರ್ಷ, ಅರಿವಳಿಕೆ ವೈದ್ಯರ ಪುಟದಲ್ಲಿ ಎರಡು ವರ್ಷ, ದಾದಿಯರ ಪುಟದಲ್ಲಿ ‘ಇಲ್ಲ’ ಎಂದಿತ್ತು. ಒಂದೇ ರೋಗಿ, ಒಂದೇ ವಾರ! ಕಂಪನಿ ತನ್ನ ಪತ್ರಕ್ಕೆ ಹತ್ತನ್ನು ಆರಿಸಿಕೊಂಡಿತ್ತು. ಬರೆದ ವೈದ್ಯರ ಅಫಿಡವಿಟ್ ಇಲ್ಲದೆ, ಹಿಂದೆ ಚಿಕಿತ್ಸೆ ಕೊಟ್ಟವರ ಚೀಟಿಯಿಲ್ಲದೆ ಅಂಥ ಸಾಲನ್ನು ಪುರಾವೆ ಎನ್ನಲಾಗದು ಎಂದು ವಾದಿಸಿದೆವು, ಆಯೋಗ ಒಪ್ಪಿತು. ಸೋತದ್ದೂ ಇದೆ. ಇನ್ನೊಬ್ಬರು ಸಕ್ಕರೆ ಕಾಯಿಲೆಯ ಮೂರು ವರ್ಷದ ಔಷಧ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟು ಆಸ್ಪತ್ರೆಗೆ ಕೊಟ್ಟಿದ್ದರು. ಎಲ್ಲವೂ ಪಾಲಿಸಿಗೆ ಮುಂಚಿನವು. ಆ ಚೀಲವನ್ನು ನೋಡಿದ ದಿನವೇ ನಾನು ಬೇಡವೆಂದಿದ್ದೆ, ಅವರು ಕೇಳಲಿಲ್ಲ.

ನಿಮ್ಮ ವಿಷಯದಲ್ಲಿ ಕಂಪನಿಯ ಬಳಿ 2019ರ ಚೀಟಿ ಇದೆಯೇ? ನಿಮ್ಮ ಪತ್ರದಲ್ಲಿ ಅದರ ಉಲ್ಲೇಖವಿಲ್ಲ. ತಿರಸ್ಕಾರದ ಪತ್ರದಲ್ಲಿ ಎತ್ತದ ಕಾರಣವನ್ನು ಕಂಪನಿ ಆಮೇಲೆ ಹೊಸದಾಗಿ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೂ 2019ರಲ್ಲೂ ಹೇಳಿದೆ. ಅವರು ಹಿಡಿದಿರುವುದು ‘ಆರೇಳು ವರ್ಷ’, ಅದನ್ನೇ ಅವರು ರುಜುವಾತು ಮಾಡಲಿ. ಮಾತ್ರೆ ಮತ್ತೆ ಶುರುವಾದದ್ದು 2022ರಲ್ಲಿ ಎಂಬುದಕ್ಕೆ ನಿಮ್ಮ ವೈದ್ಯರ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು ಹುಡುಕಿ. ಮೈದುನನಿಂದ ಒಂದು ಅಫಿಡವಿಟ್ ಮಾಡಿಸಿ: ಆ ರಾತ್ರಿ ಮಾತನಾಡಿದವನು ತಾನು, ಅಣ್ಣನ ಕಾಯಿಲೆಯ ವರ್ಷ ತನಗೆ ಖಚಿತವಾಗಿ ಗೊತ್ತಿರಲಿಲ್ಲ, ಅಂದಾಜಿಗೆ ಹೇಳಿದೆ ಎಂದು. ಪಾಪ, ಆ ಹುಡುಗನನ್ನು ಮನೆಯಲ್ಲಿ ಯಾರೂ ಬೈಯಬೇಡಿ.

ಎರಡು ಲಕ್ಷದ ಕಾಗದ. ಅದರಲ್ಲಿ ‘ಪೂರ್ಣ ಮತ್ತು ಅಂತಿಮ ತೀರುವಳಿ’ ಎಂದು ಇದ್ದೇ ಇರುತ್ತದೆ. ಒತ್ತಡಕ್ಕೆ ಸಿಕ್ಕಿ ಸಹಿ ಹಾಕಿದ್ದರೆ ಅದು ನಿಮ್ಮನ್ನು ಕಟ್ಟಿಹಾಕುವುದಿಲ್ಲ ಎಂದು ಹೇಳುವ ತೀರ್ಪುಗಳಿವೆ, 1999ರದ್ದೊಂದು, 2008ರದ್ದೊಂದು. ಆದರೆ ಒತ್ತಡವಿತ್ತೆಂದು ಸಾಬೀತು ಮಾಡುವ ಹೊರೆ ಆಗ ನಿಮ್ಮ ತಲೆಗೆ ಬರುತ್ತದೆ. ಈಗ ಹೊರೆ ಅವರ ತಲೆಯ ಮೇಲಿದೆ. ರಾಜಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಡವೆಯ ಬಡ್ಡಿ ಬೆಳೆಯುತ್ತಿರುವ ಮನೆಗೆ ಕೈಗೆ ಬರುವ ಎರಡು ಲಕ್ಷ ದೊಡ್ಡದೇ. ಆದರೆ ಏಜೆಂಟರ ಬಾಯಿಮಾತಿನ ಮೇಲೆ ಬೇಡ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಮೊತ್ತ, ಕಾರಣ ಎರಡೂ ಬರಲಿ. ಪಾಲಿಸಿ ಮತ್ತೆ ಜಾರಿಗೆ ಬರುತ್ತದೆಯೇ ಎಂದೂ ಬರೆದಿರಲಿ. ಹಣದ ಗದ್ದಲದಲ್ಲಿ ನೀವು ಗಮನಿಸದೆ ಹೋದದ್ದು ಈ ಕೊನೆಯ ಮಾತು. ರದ್ದಾಗಿರುವುದು ನಾಲ್ವರ ಪಾಲಿಸಿ. ಸ್ಟೆಂಟ್ ಹಾಕಿದ 51ರ ಗಂಡಸಿಗೆ ಹೊಸ ಪಾಲಿಸಿ ಕೊಡುವ ಕಂಪನಿಯನ್ನು ಹುಡುಕುವುದು ಎಷ್ಟು ಕಷ್ಟ ಎಂದು ಏಜೆಂಟರಿಗೂ ಗೊತ್ತಿದೆ. ಎಲ್ಲಿ ದೂರು ಕೊಟ್ಟರೂ ಹಣದ ಜೊತೆಗೆ ಪಾಲಿಸಿಯ ಪುನಃಸ್ಥಾಪನೆಯನ್ನೂ ಕೇಳಿ.

ಇನ್ನು ದಾರಿಗಳು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಸಿಟ್ಟಿನ ಮಾತು ಒಂದೂ ಬೇಡ, ಪ್ರಶ್ನೆಗಳು ಸಾಕು: ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದಿರಿ? ಆರೇಳು ವರ್ಷಕ್ಕೆ ಪುರಾವೆ ಏನು? ತನಿಖಾ ವರದಿ, ಪ್ರಸ್ತಾವನೆ ಪತ್ರ, ಕರೆಯ ಧ್ವನಿಮುದ್ರಿಕೆಗಳ ನಕಲು ಕೊಡಿ. ಕ್ಲೇಮ್ ಪರಿಶೀಲನಾ ಸಮಿತಿಯ ಅನುಮೋದನೆ ಇದೆಯೇ? ಈ ಕಡೆಯ ಪ್ರಶ್ನೆ ಮುಖ್ಯ. 2024ರ ಮೇ 29ರ ಪ್ರಾಧಿಕಾರದ ಸುತ್ತೋಲೆಯಂತೆ ಆ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಆರೋಗ್ಯ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಇದೇ ದೂರನ್ನು ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದಾಖಲಿಸಿ. ಪ್ರಾಧಿಕಾರ ತೀರ್ಪು ಕೊಡುವುದಿಲ್ಲ, ಆದರೆ ಕಂಪನಿಯೊಳಗೆ ನಿಮ್ಮ ಕಡತ ಒಂದು ಮೇಜು ಮೇಲಕ್ಕೆ ಹೋಗುತ್ತದೆ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಮತ್ತೆ ‘ಇಲ್ಲ’ ಎಂದರೆ, ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸಿ ಆದೇಶ ಕೊಡುವ ಅಧಿಕಾರಿ. ಕರ್ನಾಟಕಕ್ಕೆಲ್ಲ ಒಬ್ಬರೇ, ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ. 50 ಲಕ್ಷದವರೆಗಿನ ವಿವಾದ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು, ವಿಚಾರಣೆ ವಿಡಿಯೋ ಮೂಲಕವೂ ನಡೆಯುತ್ತದೆ. ಕಂಪನಿ ನಿಮ್ಮ ದೂರನ್ನು ತಿರಸ್ಕರಿಸಿದ, ಅಥವಾ ಉತ್ತರವಿಲ್ಲದೆ ಆ ಒಂದು ತಿಂಗಳು ಮುಗಿದ, ಒಂದು ವರ್ಷದೊಳಗೆ ಹೋಗಬೇಕು. ಅವರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಸೋತರೆ ನೀವು ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊರತೆಯೆಂದರೆ ಅಲ್ಲಿಯದು ಚುಟುಕು ವಿಚಾರಣೆ. ವೈದ್ಯರನ್ನು ಕರೆಸಿ ಪಾಟೀಸವಾಲು ಮಾಡುವ ಅವಕಾಶವಿಲ್ಲ, ದಂಡಸ್ವರೂಪದ ಪರಿಹಾರವೂ ಇಲ್ಲ.

ಗ್ರಾಹಕರ ಆಯೋಗಕ್ಕೆ ನೀವು ಬೆಂಗಳೂರಿಗೆ ಅಲೆಯಬೇಕಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು 2019ರ ಕಾಯ್ದೆ ಹೇಳುತ್ತದೆ, ನಿಮಗೆ ತುಮಕೂರು. ಯಾವ ಆಯೋಗ ಎಂಬುದನ್ನು ನಿರ್ಧರಿಸುವುದು ನೀವು ಕಟ್ಟಿದ ಪ್ರೀಮಿಯಂ, ಕ್ಲೇಮ್ ಮೊತ್ತವಲ್ಲ. ಆ ಲೆಕ್ಕದಲ್ಲಿ ಐದು ಲಕ್ಷದವರೆಗೆ ಶುಲ್ಕವೇ ಇಲ್ಲ. ಕಾಲಮಿತಿ ಎರಡು ವರ್ಷ, ತಿರಸ್ಕಾರದ ದಿನದಿಂದ. ಒಂಬುಡ್ಸ್‌ಮನ್ ಬಳಿ ಇರುವಾಗಲೂ ಆ ಗಡಿಯಾರ ಓಡುತ್ತಿದೆ ಎಂದೇ ತಿಳಿದು ನಡೆಯಿರಿ. ಎರಡೂ ಕಡೆ ಒಟ್ಟಿಗೆ ಮಾತ್ರ ಹೋಗಬೇಡಿ, ಆಯೋಗದಲ್ಲಿ ಪ್ರಕರಣವಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ. ಕಂಪನಿ ನೋಟಿಸ್ ತಲುಪಿದ 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನು 15 ದಿನ ಸೇರಿಸಿ, ತನ್ನ ತಕರಾರು ಸಲ್ಲಿಸಬೇಕು. ಆ 45 ದಿನ ದಾಟಿದರೆ ಒಂದು ದಿನವೂ ವಿನಾಯಿತಿಯಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸಂವಿಧಾನ ಪೀಠ ಹೇಳಿದೆ. ದೊಡ್ಡ ಕಂಪನಿಗಳ ವಕೀಲರೂ ಇಲ್ಲಿ ಎಡವುವುದನ್ನು ನೋಡಿದ್ದೇನೆ, ಆದ್ದರಿಂದ ನೋಟಿಸ್ ತಲುಪಿದ ದಿನದ ಅಂಚೆ ದಾಖಲೆಯನ್ನು ತೆಗೆದಿಟ್ಟುಕೊಳ್ಳಿ. ಕಾಯ್ದೆಯ ಪ್ರಕಾರ ಮೂರು ತಿಂಗಳಲ್ಲಿ, ಸರಕಿನ ವಿಶ್ಲೇಷಣೆ ಅಥವಾ ಪರೀಕ್ಷೆ ಬೇಕಾದ ಪ್ರಕರಣವಾದರೆ ಐದು ತಿಂಗಳಲ್ಲಿ ಮುಗಿಯಬೇಕು. ನಿಜದಲ್ಲಿ ಒಂದೂವರೆ ಎರಡು ವರ್ಷ ಎಂದಿಟ್ಟುಕೊಳ್ಳಿ. ಸೋತ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ ಅರ್ಧ ಹಣ ಠೇವಣಿ ಇಡಬೇಕು.

ನೀವು ನನ್ನ ಮನೆಯವರಾಗಿದ್ದರೆ ಮೊದಲು ಒಂಬುಡ್ಸ್‌ಮನ್ ಬಳಿ ಹೋಗಿ ಎನ್ನುತ್ತಿದ್ದೆ, ಆದರೆ ಪ್ರಸ್ತಾವನೆ ಪತ್ರ ನೋಡಿದ ಮೇಲೆ. ಅದರಲ್ಲಿ ರಕ್ತದೊತ್ತಡದ ಬಗ್ಗೆ ನೇರ ಪ್ರಶ್ನೆ ಇದ್ದು, ‘ಇಲ್ಲ’ ಎಂದಿದ್ದು, 2019ರ ಚೀಟಿಯೂ ಕಂಪನಿಯ ಕೈಯಲ್ಲಿದ್ದರೆ, ಲಿಖಿತ ರಾಜಿಯ ಬಗ್ಗೆ ನಾವು ಕೂತು ಮಾತನಾಡಬೇಕಾಗುತ್ತದೆ. ಅವರ ಬಳಿ ಇರುವುದು ಆ ರಾತ್ರಿಯ ಒಂದು ಸಾಲು ಮಾತ್ರವಾದರೆ, ತಕ್ಕಡಿ ನಿಮ್ಮ ಕಡೆಗೆ ವಾಲಿದೆ ಎಂದು ನನಗೆ ಅನ್ನಿಸುತ್ತದೆ. ಖಾತ್ರಿ ಕೊಡುವ ವಕೀಲ ನಾನಲ್ಲ.

ಸಂಬಂಧಿಯಾದ ಏಜೆಂಟರನ್ನು ಪ್ರತಿವಾದಿ ಮಾಡಬೇಕೇ ಎಂದು ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಆ ಮಾತು ನಡೆದೇ ಇರುತ್ತದೆ. ಈಗಲೇ ಬೇಡ. ಅವರು ಎದುರು ಪಕ್ಷಕ್ಕೆ ಸೇರಿಬಿಟ್ಟರೆ ಮೊದಲು ಹೇಳುವುದೇ ‘ನನಗೆ ಏನೂ ಹೇಳಿರಲಿಲ್ಲ’ ಎಂದು. ಅವರ ಜೊತೆಗಿನ ವಾಟ್ಸ್‌ಆ್ಯಪ್ ಸಂದೇಶಗಳನ್ನು, ಮುಖ್ಯವಾಗಿ 2020ರವನ್ನು, ಅಳಿಸದೆ ಇಟ್ಟುಕೊಳ್ಳಿ. ಫೋನ್ ಬದಲಾಯಿಸುವುದಾದರೆ ಹಳೆಯದನ್ನು ಮಾರಬೇಡಿ. ಹಾಗೆಯೇ ಒಡವೆ ಅಡವಿಟ್ಟ ಚೀಟಿ, ಪ್ರತಿ ತಿಂಗಳು ಬಡ್ಡಿ ಕಟ್ಟಿದ ರಸೀದಿ. ಹಣ ತಡವಾಗಿ ಬಂದದ್ದರಿಂದ ನಿಮಗಾದ ನಷ್ಟ ಎಷ್ಟು ಎಂದು ಆಯೋಗ ಕೇಳಿದಾಗ ‘ತುಂಬಾ ಕಷ್ಟವಾಯಿತು ಸ್ವಾಮಿ’ ಎನ್ನುವುದಕ್ಕಿಂತ ಆ ರಸೀದಿಗಳ ಕಟ್ಟನ್ನು ಮೇಜಿನ ಮೇಲೆ ಇಡಿ.